ಲ್ಯಾಕ್ಸ್‌ಟನ್: ಬೇಲಿಯಿಲ್ಲದ ಹೊಲಗಳ ಊರಿನಲ್ಲಿ

ಇಂಗ್ಲೆಂಡಿನ ಹಳ್ಳಿ ನೋಡಲು ಜನ ಮೇ, ಜೂನ್ ತಿಂಗಳಲ್ಲಿ ಹೋಗುತ್ತಾರೆ. ಗುಲಾಬಿ ಬಳ್ಳಿ ಹಬ್ಬಿದ ಕಲ್ಲಿನ ಮನೆಗಳ ಚಿತ್ರ ಬೇಕಾದರೆ ಅದೇ ಸರಿಯಾದ ಕಾಲ. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಎಂಬ ಹಳ್ಳಿಗೆ ಹೋಗಬೇಕಾದದ್ದು ನವೆಂಬರ್ ಕೊನೆಯ ವಾರದಲ್ಲಿ. ಆಗ ಬೆಳಕು ಹರಿಯುವಾಗ ಎಂಟು ಗಂಟೆಯಾಗುತ್ತದೆ, ಸಂಜೆ ನಾಲ್ಕಕ್ಕೆ ಕತ್ತಲು. ಹೊಲದ ತುಂಬ ಕೆಸರು. ಆದರೆ ವರ್ಷದಲ್ಲಿ ಒಂದೇ ಒಂದು ಗುರುವಾರ ಈ ಊರಿನ ರೈತರು ಗೂಟ, ಕೊಡತಿ ಹಿಡಿದು ಹೊಲಕ್ಕೆ ಇಳಿದು, ಯಾರ ನೇಗಿಲು ಯಾರ ಗಡಿ ದಾಟಿದೆ ಎಂದು ನೋಡುತ್ತಾರೆ. ಮುಂದಿನ ವಾರ ಊರಿನ ಪಬ್ಬಿನಲ್ಲಿ ಕೋರ್ಟು ಸೇರಿ ದಂಡ ಹಾಕುತ್ತದೆ. ಇಂಗ್ಲೆಂಡಿನ ಸಾವಿರಾರು ಹಳ್ಳಿಗಳಲ್ಲಿ ನಡೆಯುತ್ತಿದ್ದ ಈ ಏರ್ಪಾಡು ಪೂರ್ತಿಯಾಗಿ ಉಳಿದಿರುವುದು ಇದೊಂದೇ ಊರಿನಲ್ಲಿ. ಡೆವನ್‌ನ ಬ್ರಾಂಟನ್ನಿನಲ್ಲಿ, ಲಿಂಕನ್‌ಶೈರ್‌ನ ಆಕ್ಸಮ್ ದ್ವೀಪದಲ್ಲಿ ಒಂದೇ ಬಯಲನ್ನು ಹಲವು ರೈತರಿಗೆ ಉದ್ದುದ್ದ ಹಂಚಿದ ಹಳೆಯ ಪಟ್ಟೆಗಳು ಕಾಣುತ್ತವೆ ನಿಜ. ಅಲ್ಲಿ ಪಟ್ಟೆಗಳಿವೆ, ಅವನ್ನು ಆಳುವ ಕೋರ್ಟಿಲ್ಲ.

ಮೊದಲ ದಿನ, ಮಂಗಳವಾರ: ಊರ ಬೀದಿ

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ನ್ಯೂವರ್ಕ್ ನಾರ್ತ್ ಗೇಟ್‌ಗೆ ರೈಲಿನಲ್ಲಿ ಸುಮಾರು ಒಂದೂ ಕಾಲು ಗಂಟೆ. ಅಲ್ಲಿಂದ ಲ್ಯಾಕ್ಸ್‌ಟನ್ ವಾಯವ್ಯಕ್ಕೆ ಹದಿನೈದು ಕಿಲೋಮೀಟರಿನ ಆಚೆ ಈಚೆ. ಹಳ್ಳಿ ಬಸ್ಸನ್ನು ನಂಬಿ ಹೊರಡಬಾರದು. ಕಾರು ಇಲ್ಲದವರು ಟ್ಯಾಕ್ಸಿಯನ್ನು, ಹೋಗುವುದಕ್ಕೂ ಬರುವುದಕ್ಕೂ, ಮೊದಲೇ ಗೊತ್ತುಮಾಡಿಕೊಳ್ಳಬೇಕು. ಊರಿನಲ್ಲಿ ಉಳಿಯುವ ಕೋಣೆಗಳು ಬೆರಳೆಣಿಕೆಯಷ್ಟು. ಅವು ಸಿಗದಿದ್ದರೆ ಓಲರ್ಟನ್, ಟಕ್ಸ್‌ಫರ್ಡ್ ಅಥವಾ ನ್ಯೂವರ್ಕಿನಲ್ಲಿ ತಂಗಬೇಕು. ಪಾದಕ್ಕೆ ಮೊಣಕಾಲುದ್ದದ ರಬ್ಬರ್ ಗಂಬೂಟು ಬೇಕೇ ಬೇಕು. ಇಲ್ಲಿಯದು ಕೆಂಪು ಜೇಡಿ. ಎರೆಹೊಲದಲ್ಲಿ ಮಳೆಯಾದ ಮರುದಿನ ನಡೆದವರಿಗೆ ಗೊತ್ತಿರುವಂತೆ, ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಸೇರು ಮಣ್ಣು ಮೆತ್ತುತ್ತದೆ. ಮಾಮೂಲಿ ನಡಿಗೆಯ ಶೂ ಇದರಲ್ಲಿ ಉಳಿಯುವುದಿಲ್ಲ.

ಮೊದಲ ಮಧ್ಯಾಹ್ನ ಬೀದಿಗೇ ಮೀಸಲು. ಊರೊಳಗೆ ನಡೆಯುವಾಗ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ: ರೈತರ ಮನೆಗಳೆಲ್ಲ ಬೀದಿಯಲ್ಲೇ ಇವೆ. ಇಂಗ್ಲೆಂಡಿನ ಬೇರೆ ಕಡೆ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿ ನಿಂತಿರುತ್ತದೆ. ಜಮೀನು ಒಂದೇ ಕಡೆ ಒಟ್ಟಾದ ಮೇಲೆ ಬಂದ ರೂಢಿ ಅದು. ಲ್ಯಾಕ್ಸ್‌ಟನ್ ರೈತನ ಭೂಮಿ ಮೂರು ಹೊಲಗಳಲ್ಲಿ ಚೂರುಚೂರಾಗಿ ಹರಡಿದೆ. ಅವನು ಎಲ್ಲಕ್ಕೂ ಸಮದೂರದಲ್ಲಿ, ಊರ ನಡುವೆ ಇರುವುದೇ ಅನುಕೂಲ. ನಮ್ಮ ಬಯಲುಸೀಮೆಯ ಊರುಗಳಲ್ಲಿ ಮನೆ ಒಂದು ಕಡೆ, ಹೊಲ ನಾಲ್ಕು ಕಡೆ ಇರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಗಳು ಕೆಂಪು ಇಟ್ಟಿಗೆಯವು, ಮೇಲೆ ಅಲೆಯಂತೆ ಬಾಗಿದ ಕೆಂಪು ಹೆಂಚು. ಹಲವು ಮನೆಗಳು ಬೀದಿಗೆ ಮುಖ ಮಾಡಿಲ್ಲ, ತ್ರಿಕೋನದ ಪಕ್ಕೆಗೋಡೆಯನ್ನು ಬೀದಿಗೆ ಕೊಟ್ಟು ನಿಂತಿವೆ. ಮನೆಯ ನಿವೇಶನ ಕಿರಿದಾಗಿ, ಹಿಂದಕ್ಕೆ ಉದ್ದವಾಗಿ ಇರುವುದು ಇದಕ್ಕೆ ಕಾರಣ. ಮುಂದೆ ಮನೆ, ಪಕ್ಕದಲ್ಲಿ ಗಾಡಿ ಹೋಗುವ ದಾರಿ, ಆಮೇಲೆ ಕಣಜ ಮತ್ತು ಕೊಟ್ಟಿಗೆ, ಹಿಂದೆ ಹಿತ್ತಿಲು. ಈ ನಿವೇಶನಕ್ಕೆ ಅಲ್ಲಿ ಟಾಫ್ಟ್ ಎನ್ನುತ್ತಾರೆ. ಟಾಫ್ಟ್ ಇದ್ದವರಿಗೇ ಊರ ಹುಲ್ಲಿನಲ್ಲಿ ಪಾಲು. ಆ ಮಾತು ನಾಳೆ ಮತ್ತೆ ಬರುತ್ತದೆ.

ಬೀದಿಯಲ್ಲಿ ತಪ್ಪದೆ ನಿಲ್ಲಬೇಕಾದ ಇನ್ನೊಂದು ಜಾಗ ಪಿನ್‌ಫೋಲ್ಡ್. ಇದು ದೊಡ್ಡಿ. ಉತ್ತರ ಕರ್ನಾಟಕದವರು ಕೊಂಡವಾಡ ಎನ್ನುತ್ತಾರೆ. ಬೆಳೆಗೆ ನುಗ್ಗಿದ ದನ, ಕುರಿಯನ್ನು ಹಿಡಿದು ಇಲ್ಲಿ ಕೂಡಿ, ದಂಡ ಕಟ್ಟಿದ ಮೇಲೆ ಬಿಡುವುದು ಪಿಂಡರ್ ಎಂಬವನ ಕೆಲಸ. ಹೊಲಕ್ಕೆ ಬೇಲಿಯೇ ಇಲ್ಲದ ಊರಿನಲ್ಲಿ ದೊಡ್ಡಿ ಇಲ್ಲದೆ ಒಂದು ಬೆಳೆಯೂ ಮನೆ ಸೇರುವುದಿಲ್ಲ. ಬ್ರಿಟಿಷರು 1871ರ ದನಗಳ ಅತಿಕ್ರಮಣ ಕಾಯ್ದೆಯಲ್ಲಿ ಭಾರತದ ಹಳ್ಳಿಗಳಿಗೆ ಸರ್ಕಾರಿ ದೊಡ್ಡಿಯನ್ನೂ ಅದರ ಶುಲ್ಕವನ್ನೂ ಗೊತ್ತುಮಾಡಿದ್ದರು.

ಸೇಂಟ್ ಮೈಕೇಲ್ ಚರ್ಚನ್ನು ಬೆಳಕಿರುವಾಗಲೇ ನೋಡಿಬಿಡಬೇಕು. ಊರಿನ ಗಾತ್ರಕ್ಕೆ ಅದು ದೊಡ್ಡದು. 1859–60ರ ಜೀರ್ಣೋದ್ಧಾರದಲ್ಲಿ ಅದನ್ನು ಕುಗ್ಗಿಸಿಯೇ ಕಟ್ಟಿದ್ದು, ಅದಕ್ಕೆ ಮೊದಲು ಇನ್ನೂ ದೊಡ್ಡದಿತ್ತು. ಒಳಗೆ ಒಂದು ಕಾಲಕ್ಕೆ ಊರನ್ನು ಆಳಿದ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಪ್ರತಿಮೆಗಳಿವೆ. ಕಲ್ಲಿನವುಗಳ ನಡುವೆ ಓಕ್ ಮರದಲ್ಲಿ ಕಡೆದ ಹೆಂಗಸಿನ ಪ್ರತಿಮೆಯೊಂದಿದೆ. ಮಧ್ಯಯುಗದ ಮರದ ಪ್ರತಿಮೆ ಉಳಿಯುವುದೇ ಅಪರೂಪ: ಹುಳು, ತೇವ, ಬೆಂಕಿ, ಯಾವುದಾದರೂ ಒಂದು ಅದನ್ನು ತಿಂದಿರುತ್ತದೆ.

ಎರಡನೆಯ ದಿನ, ಬುಧವಾರ: ಮೂರು ಹೊಲ

ಗುರುವಾರದ ಕೆಲಸ ಅರ್ಥವಾಗಬೇಕಾದರೆ ಬುಧವಾರ ಇಡೀ ದಿನ ಹೊಲಗಳಲ್ಲಿ ನಡೆಯಬೇಕು. ಪಬ್ಬಿನ ಪಕ್ಕದ ಸಣ್ಣ ಮಾಹಿತಿ ಕೇಂದ್ರದಿಂದ ಹೊರಟರೆ ಗುರುತು ಹಾಕಿದ ನಡಿಗೆ ದಾರಿಗಳಿವೆ. 1:25,000 ಅಳತೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಜೊತೆಗಿದ್ದರೆ ಚೆನ್ನ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮೂರಕ್ಕೆ ಮುಗಿಸುವ ಲೆಕ್ಕ ಇಟ್ಟುಕೊಳ್ಳಬೇಕು. ಕಾಲುದಾರಿಯನ್ನೂ ಹುಲ್ಲುದಾರಿಯನ್ನೂ ಬಿಟ್ಟು ಬಿತ್ತಿದ ಪಟ್ಟೆಗೆ ಇಳಿಯಬಾರದು. ಗೋಧಿ ಆಗ ಎರಡು, ಮೂರು ಎಲೆಯಷ್ಟೇ ಎದ್ದಿರುತ್ತದೆ. ಒದ್ದೆ ಜೇಡಿಯಲ್ಲಿ ಕಾಲಿಟ್ಟ ಕಡೆ ಮಣ್ಣು ಅದುಮಿ, ನೀರು ನಿಂತು, ಆ ಬುಡ ಕೊಳೆಯುತ್ತದೆ.

ಹೊಲಗಳು ಮೂರು: ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್. ಮೂರೂ ಸೇರಿ ಐನೂರು ಎಕರೆಗೆ ಸ್ವಲ್ಪ ಕಡಿಮೆ. ಒಂದೊಂದು ಹೊಲವೂ ಹಲವು ರೈತರ ಪಟ್ಟೆಗಳಾಗಿ ಹಂಚಿಹೋಗಿದೆ. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ, ನಮ್ಮ ಹಾಗೆ ಎತ್ತರದ ಬದುವೂ ಇಲ್ಲ. ನಿಯಮ ಇಷ್ಟೇ: ಒಂದು ಹೊಲದಲ್ಲಿ ಎಲ್ಲರೂ ಒಂದೇ ಹಂಗಾಮನ್ನು ಪಾಲಿಸಬೇಕು. ಒಂದು ಹೊಲದಲ್ಲಿ ಅಕ್ಟೋಬರಿನಲ್ಲಿ ಬಿತ್ತಿದ ಗೋಧಿ. ಮರುವರ್ಷ ಅದೇ ಹೊಲದಲ್ಲಿ ವಸಂತಕಾಲದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ. ಮೂರನೆಯ ವರ್ಷ ಬೀಳು. ಮೂರು ಹೊಲಗಳು ಒಂದೊಂದು ವರ್ಷ ಹಿಂದೆ ಮುಂದೆ ಈ ಚಕ್ರದಲ್ಲಿ ಸುತ್ತುವುದರಿಂದ ಪ್ರತಿ ವರ್ಷವೂ ಊರಿಗೆ ಗೋಧಿ ಇರುತ್ತದೆ, ಬೀಳೂ ಇರುತ್ತದೆ. ಇದರಿಂದಲೇ ಪ್ರತಿಯೊಬ್ಬ ರೈತನಿಗೂ ಮೂರೂ ಹೊಲಗಳಲ್ಲಿ ಪಟ್ಟೆ ಬೇಕು. ಎಲ್ಲ ಪಟ್ಟೆಯೂ ಒಂದೇ ಹೊಲದಲ್ಲಿದ್ದವನು ಮೂರನೆಯ ವರ್ಷ ಉಪವಾಸ.

ಬೀಳು ಬಿಡುವುದು ಸೋಮಾರಿತನವಲ್ಲ, ಅದು ಮೂರು ವರ್ಷದ ಬೇಸಾಯದ ಬೆನ್ನೆಲುಬು. ಈ ಜೇಡಿಯಲ್ಲಿ ಗರಿಕೆಯ ಹಾಗೆ ಬೇರು ಬಿಡುವ ಕೌಚ್ ಹುಲ್ಲು, ಥಿಸಲ್ ಎಂಬ ಮುಳ್ಳುಗಿಡ ಬಹಳ. ಬೀಳು ವರ್ಷದ ಬೇಸಿಗೆಯಲ್ಲಿ ಹೊಲವನ್ನು ಮೂರು, ನಾಲ್ಕು ಸಲ ಉತ್ತು, ಹೆಂಟೆಯನ್ನು ಬಿಸಿಲಿಗೆ ಒಣಗಿಸಿದರೆ ಬೇರು ಸಾಯುತ್ತದೆ. ನಮ್ಮಲ್ಲಿ ಮಾಗಿ ಉಳುಮೆಗೆ ಇರುವ ಕಾರಣವೇ. ಮಳೆ ಹಿಡಿದ ಬೇಸಿಗೆಯಲ್ಲಿ ಇದೇ ಉಳುಮೆ ತಿರುಗಿ ಬೀಳುತ್ತದೆ: ತುಂಡಾದ ಒಂದೊಂದು ಬೇರೂ ಒದ್ದೆ ಮಣ್ಣಿನಲ್ಲಿ ಹೊಸ ಗಿಡವಾಗುತ್ತದೆ. ಹಿಂದೆ ಬೀಳಿನ ಮೇಲೆ ಊರ ಕುರಿಮಂದೆ ಮೇಯುತ್ತಿತ್ತು, ರಾತ್ರಿ ಅಲ್ಲೇ ತರುಬುತ್ತಿತ್ತು. ಗೊಬ್ಬರ ಹೊರುವ ಕೂಲಿ ಉಳಿಯುತ್ತಿತ್ತು. ಕಳೆನಾಶಕ, ರಸಗೊಬ್ಬರ ಬಂದ ಮೇಲೆ ಬೀಳಿನ ವರ್ಷ ಮೇವಿನ ಬೆಳೆಗೂ ಜಾಗವಾಗಿದೆ. ಚಕ್ರ ಮಾತ್ರ ನಿಂತಿಲ್ಲ.

ಪಟ್ಟೆಗಳ ಆಕಾರವನ್ನು ನಿಧಾನವಾಗಿ ನೋಡಬೇಕು. ಕನ್ನಡ ರೈತ ದಿನವೂ ಆಡುವ ಎಕರೆ ಎಂಬ ಮಾತು ಹುಟ್ಟಿದ್ದು ಇಂಥ ಹೊಲದಲ್ಲಿ. ಒಂದು ಎತ್ತಿನ ಜೋಡಣೆ ಒಂದು ದಿನದಲ್ಲಿ ಉಳಬಹುದಾದಷ್ಟು ನೆಲ ಒಂದು ಎಕರೆ. ಉದ್ದ ಒಂದು ಫರ್ಲಾಂಗು, ಅಂದರೆ ಒಂದು ಸಾಲಿನ ಉದ್ದ: 660 ಅಡಿ. ಅಗಲ 66 ಅಡಿ. ಎಡ್ಮಂಡ್ ಗಂಟರ್ 1620ರ ಸುಮಾರಿಗೆ ತನ್ನ ಸರಪಳಿಯನ್ನು 66 ಅಡಿಗೆ ಮಾಡಿದ್ದು ಈ ಅಗಲಕ್ಕೇ. ನಮ್ಮ ಗುಂಟೆ 33 ಅಡಿ ಚದರ. ಹಾಗಾಗಿ ಈ ಪಟ್ಟೆಯ ಉದ್ದಕ್ಕೆ 20 ಗುಂಟೆ, ಅಗಲಕ್ಕೆ 2 ಗುಂಟೆ ಜೋಡಿಸಿದರೆ 40 ಗುಂಟೆ, ಒಂದು ಎಕರೆ ಸರಿಯಾಗಿ ಕೂರುತ್ತದೆ. ಪಹಣಿಯಲ್ಲಿ ಬರೀ ಅಂಕಿಯಾಗಿ ಕಾಣುವ ಎಕರೆಗೆ ಒಂದು ಆಕಾರವಿತ್ತು, ಅದರ ಹಿಂದೆ ಒಂದು ದಿನದ ದುಡಿಮೆಯಿತ್ತು ಎನ್ನುವುದು ಇಲ್ಲಿ ನಿಂತಾಗ ಕಾಲಿಗೇ ತಿಳಿಯುತ್ತದೆ.

ಸಾಲು ಅಷ್ಟು ಉದ್ದ ಏಕೆ? ಭಾರವಾದ ಜೇಡಿಗೆ ನಾಲ್ಕು ಜೊತೆ, ಎಂಟು ಎತ್ತು ಕಟ್ಟುತ್ತಿದ್ದರು. ಅಷ್ಟು ಉದ್ದದ ಜೋಡಣೆಯನ್ನು ತಿರುಗಿಸುವುದೇ ದೊಡ್ಡ ಕಷ್ಟ. ತಿರುವು ಕಡಿಮೆಯಾಗಲಿ ಎಂದು ಸಾಲು ಉದ್ದ. ಎತ್ತು ದಣಿದು ಉಸಿರು ತೆಗೆದುಕೊಳ್ಳುವಷ್ಟು ಉದ್ದ, ಅದಕ್ಕಿಂತ ಹೆಚ್ಚಲ್ಲ. ತುದಿ ಹತ್ತಿರ ಬಂದಂತೆ ಉಳುವವನು ಮೊದಲೇ ಎತ್ತುಗಳನ್ನು ಎಡಕ್ಕೆ ಎಳೆಯುತ್ತಿದ್ದ. ನೂರಾರು ವರ್ಷ ಹೀಗೆ ಉತ್ತು ಹಳೆಯ ಪಟ್ಟೆಗಳು ನೇರವಾಗಿ ಉಳಿಯಲಿಲ್ಲ, ಇಂಗ್ಲಿಷಿನ ಎಸ್ ಅಕ್ಷರವನ್ನು ಕನ್ನಡಿಯಲ್ಲಿ ನೋಡಿದಂತೆ ಬಾಗಿದವು. ಸುತ್ತಲಿನ ಹುಲ್ಲುಗಾವಲುಗಳಲ್ಲಿ ಮತ್ತೆಂದೂ ಉಳದೆ ಬಿಟ್ಟ ಕಡೆ, ಇಳಿಬಿಸಿಲು ಓರೆಯಾಗಿ ಬಿದ್ದಾಗ, ಆ ಬಾಗು ಇವತ್ತಿಗೂ ಕಾಣುತ್ತದೆ. ಜೊತೆಗೆ ಏರಿ, ತಗ್ಗು, ಏರಿ, ತಗ್ಗು. ಇದೂ ನೇಗಿಲಿನ ಕೆಲಸವೇ. ನಮ್ಮ ಹಳೆಯ ಮರದ ನೇಗಿಲು ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಅವರದು ಮಣ್ಣನ್ನು ಬಲಕ್ಕೆ ಮಗುಚುತ್ತಿತ್ತು. ಪಟ್ಟೆಯ ನಡುವಿನಿಂದ ಶುರುಮಾಡಿ ಬಲಸುತ್ತು ಸುತ್ತುತ್ತ ಹೋದರೆ ಪ್ರತಿ ಸಾಲಿನ ಮಣ್ಣೂ ನಡುವಿನ ಕಡೆಗೆ ಬಿದ್ದು ಏರಿಯಾಗುತ್ತದೆ. ಅಂಚಿನಲ್ಲಿ ಉಳಿಯುವ ತಗ್ಗು ಮಳೆನೀರಿನ ಕಾಲುವೆಯೂ ಹೌದು, ಇಬ್ಬರ ನಡುವಿನ ಗಡಿಯೂ ಹೌದು.

ಹೊಲಗಳ ನಡುವೆ ತಗ್ಗಿನ ಕಡೆ, ತುಂಬ ಒದ್ದೆಯಾದ ಅಥವಾ ಇಳಿಜಾರಾದ ಕಡೆ ಉಳದೆ ಬಿಟ್ಟ ಹುಲ್ಲಿನ ಪಟ್ಟೆಗಳು ಸಿಗುತ್ತವೆ. ಇವು ಸೈಕ್‌ಗಳು. ಶತಮಾನಗಳಿಂದ ನೇಗಿಲು ಮುಟ್ಟದ ಕಾರಣ ಬೇರೆ ಕಡೆ ಅಳಿದ ಹೂಗಿಡಗಳು ಇಲ್ಲಿ ಉಳಿದಿವೆ; ಸರ್ಕಾರ ಇವನ್ನು ವೈಜ್ಞಾನಿಕ ಮಹತ್ವದ ಜಾಗವೆಂದು ಕಾಪಾಡುತ್ತಿದೆ. ಹುಲ್ಲು ಯಾರೊಬ್ಬರದೂ ಅಲ್ಲ. ಟಾಫ್ಟ್ ಇರುವವರಿಗೆ ಅದರಲ್ಲಿ ಪಾಲಿನ ಹಕ್ಕಿದೆ, ಅದಕ್ಕೆ ಗೇಟ್ ಎಂಬ ಹೆಸರು. ಪ್ರತಿ ಬೇಸಿಗೆ ಹುಲ್ಲನ್ನು ಹರಾಜು ಹಾಕಿ, ಬಂದ ಹಣವನ್ನು ಹಕ್ಕಿನವರಿಗೆ ಹಂಚುತ್ತಾರೆ.

ಇಂಥ ಹೊಲದಲ್ಲಿ ಏನೇನು ಕೆಡಬಹುದು ಎಂಬುದನ್ನು ಅಲ್ಲೇ ನಿಂತು ಲೆಕ್ಕ ಹಾಕಬಹುದು. ಒಬ್ಬ ತನ್ನ ಕಾಲುವೆ ಕೆತ್ತದಿದ್ದರೆ ಕೆಳಗಿನವನ ಗೋಧಿ ಮುಳುಗುತ್ತದೆ. ಒಬ್ಬ ಥಿಸಲನ್ನು ಹೂವಾಗಲು ಬಿಟ್ಟರೆ ಅದರ ಹತ್ತಿಯಂಥ ಬೀಜ ಎಲ್ಲರ ಪಟ್ಟೆಗೂ ಹಾರುತ್ತದೆ. ಒಬ್ಬ ಕೊಯ್ಲು ತಡ ಮಾಡಿದರೆ, ಕೂಳೆ ಮೇಯಲು ಊರ ದನ ಬಿಡುವ ದಿನ ಎಲ್ಲರಿಗೂ ಮುಂದೆ ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಜಗಳ ಸಾಲಿನದು. ಒಂದು ಸಾಲಿನ ಅಗಲ ಒಂಬತ್ತು ಇಂಚು ಎಂದಿಟ್ಟುಕೊಳ್ಳಿ. ಒಂದೇ ಒಂದು ಸಾಲು ಪಕ್ಕಕ್ಕೆ ಸರಿದರೆ 660 ಅಡಿ ಉದ್ದಕ್ಕೆ 495 ಚದರ ಅಡಿ, ಹೆಚ್ಚುಕಡಿಮೆ ಅರ್ಧ ಗುಂಟೆ. ಬೇಕೆಂದೇ ಒತ್ತಬೇಕಾಗಿಲ್ಲ. ಟ್ರ್ಯಾಕ್ಟರಿನ ಮೇಲೆ ಕೂತು ಹಿಂದಿನ ವರ್ಷದ ಅಂಚು ಮಸುಕಾಗಿ ಕಂಡರೂ ಸಾಕು. ಮೂರು ವರ್ಷಕ್ಕೊಮ್ಮೆ ಒಂದೊಂದು ಸಾಲು ಸರಿದರೆ ಮೊಮ್ಮಗನ ಕಾಲಕ್ಕೆ ನೆರೆಯವನ ಪಟ್ಟೆ ಕಣ್ಣಿಗೆ ಕಾಣುವಷ್ಟು ಕಿರಿದಾಗಿರುತ್ತದೆ. ಅದಕ್ಕೇ ಗುರುವಾರ.

ಮೂರನೆಯ ದಿನ, ಗುರುವಾರ: ಪಂಚರು ಹೊಲಕ್ಕಿಳಿಯುವ ದಿನ

ಇದು ಪ್ರವಾಸಿಗಳಿಗಾಗಿ ಹೂಡಿದ ಆಟವಲ್ಲ. ರೈತರ ಕೆಲಸದ ದಿನ. ನೋಡಬೇಕೆಂದರೆ ವಾರಗಳ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ಅಂದು ಅವರಿಗೆ ಅಡ್ಡ ಬಾರದೆ ಹುಲ್ಲುದಾರಿಯಲ್ಲೇ ನಿಲ್ಲಬೇಕು. ಮಳೆ ಬಂದರೂ ನಡೆಯುತ್ತದೆ. ಟೋಪಿ, ಕೈಗವಸು, ಮಳೆಕೋಟು, ಬಿಸಿ ಟೀ ತುಂಬಿದ ಫ್ಲಾಸ್ಕು ಇದ್ದರೆ ಬಯಲ ಗಾಳಿಯನ್ನು ತಡೆದುಕೊಳ್ಳಬಹುದು.

ಜ್ಯೂರಿ ಎಂದರೆ ಇಲ್ಲಿ ಊರಿನದೇ ಪಂಚರು. ಹನ್ನೆರಡು ಜನ, ಅವರಲ್ಲಿ ಒಬ್ಬ ಮುಂದಾಳು. ಹೊರಗಿನಿಂದ ಬಂದ ಸರ್ವೆಯರ್ ಇಲ್ಲ, ವಕೀಲರಿಲ್ಲ. ಎಲ್ಲರೂ ಅದೇ ಹೊಲಗಳಲ್ಲಿ ಪಟ್ಟೆ ಇರುವವರು ಅಥವಾ ಊರಿನ ಜಮೀನುದಾರರು. ಬೆಳಿಗ್ಗೆ ಪಬ್ಬಿನ ಹತ್ತಿರ ಸೇರಿ, ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ, ಗೂಟಗಳ ಕಟ್ಟನ್ನು ಹೇರಿಕೊಂಡು ಹೊರಡುತ್ತಾರೆ. ಹೋಗುವುದು ಒಂದೇ ಹೊಲಕ್ಕೆ: ಆ ವರ್ಷ ಗೋಧಿ ಬಿತ್ತಿದ ಹೊಲಕ್ಕೆ. ಬೀಳಿನ ಉಳುಮೆಗಳು ಮುಗಿದು ಈಗಷ್ಟೇ ಬಿತ್ತಿದ್ದರಿಂದ ಗಡಿ ಅಳಿಸುವ ಅಪಾಯ ಹೆಚ್ಚಿರುವುದು ಅಲ್ಲೇ. ಪೈರು ಇನ್ನೂ ಗಿಡ್ಡವಾಗಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದೂ ಈಗಲೇ. ಇನ್ನೆರಡು ತಿಂಗಳು ತಡವಾದರೆ ಹಸುರು ಎಲ್ಲವನ್ನೂ ಮುಚ್ಚುತ್ತದೆ.

ಕೆಲಸ ಸರಳ, ಆದರೆ ಕಣ್ಣು ಬೇಕು. ಎರಡು ಪಟ್ಟೆಗಳ ನಡುವಿನ ಗಡಿಯ ತುದಿಗಳಲ್ಲಿ ಗೂಟವಿರಬೇಕು. ಹಳೆಯದು ಕೊಳೆತಿದ್ದರೆ ಅಥವಾ ನೇಗಿಲಿಗೆ ಸಿಕ್ಕಿ ಹೋಗಿದ್ದರೆ, ಒಬ್ಬ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಗೆ ಗುರಿ ನೋಡಿ ನೇರ ಹಿಡಿಯುತ್ತಾನೆ, ಇನ್ನೊಬ್ಬ ಅಳೆಯುತ್ತಾನೆ, ಮತ್ತೊಬ್ಬ ಕೊಡತಿಯಿಂದ ಹೊಸ ಗೂಟ ಬಡಿಯುತ್ತಾನೆ. ಆಮೇಲೆ ಪಟ್ಟೆಗಳ ತುದಿ ನೋಡುತ್ತಾರೆ. ಯಾರಾದರೂ ಊರ ಹುಲ್ಲುದಾರಿಯನ್ನೋ ಸೈಕನ್ನೋ ಒಂದೆರಡು ಸಾಲು ಉತ್ತು ಒಳಗೆ ಹಾಕಿಕೊಂಡಿದ್ದಾರೆಯೇ? ದಾರಿಯಲ್ಲಿ ಹೊಲದ ಮಣ್ಣು ಸುರಿದಿದ್ದಾರೆಯೇ? ಕಾಲುವೆ ತೆರೆದಿದೆಯೇ? ಕಂಡದ್ದನ್ನು ಮುಂದಾಳು ಬರೆದುಕೊಳ್ಳುತ್ತಾನೆ. ತಪ್ಪಿತಸ್ಥ ಅದೇ ಟ್ರೇಲರಿನ ಮೇಲೆ ಪಂಚನಾಗಿ ಕೂತಿರಬಹುದು. ಅವನ ಪಟ್ಟೆ ಬಂದಾಗಲೂ ಅಳತೆ ಅದೇ.

ಈ ಕ್ರಮದ ಬಲ ಇರುವುದು ಅಲ್ಲಿಯೇ. ಒತ್ತುವರಿಯ ದಾವೆಗಳು ನ್ಯಾಯಾಲಯದಲ್ಲಿ ತಲೆಮಾರುಗಟ್ಟಲೆ ನಡೆಯುವುದು ಗಡಿ ಗೊತ್ತಿಲ್ಲದ್ದರಿಂದಲ್ಲ. ಗಡಿ ಕಂಡವರು ಒಟ್ಟಿಗೆ ನಿಂತು ತಪ್ಪು ನಡೆದ ತಿಂಗಳೊಳಗೆ ಹೇಳದೆ ಹೋಗುವುದರಿಂದ. ಇಲ್ಲಿ ಅಕ್ಟೋಬರಿನಲ್ಲಿ ಆದ ತಪ್ಪಿಗೆ ನವೆಂಬರಿನಲ್ಲಿ ಗೂಟ ಬೀಳುತ್ತದೆ, ಡಿಸೆಂಬರ್ ಹೊತ್ತಿಗೆ ದಂಡ.

ಮಧ್ಯಾಹ್ನ ಪಂಚರು ಡವ್‌ಕೋಟ್ ಇನ್ ಎಂಬ ಪಬ್ಬಿಗೆ ಮರಳಿ ಊಟ ಮಾಡಿ, ಬರೆದುಕೊಂಡದ್ದನ್ನು ಚರ್ಚಿಸಿ ದಂಡದ ಮೊತ್ತ ತೀರ್ಮಾನಿಸುತ್ತಾರೆ. ಆ ದಿನ ಪಬ್ಬಿನಲ್ಲಿ ಬೇರೆಯವರಿಗೆ ಜಾಗ ಸಿಗುವ ಭರವಸೆ ಇಟ್ಟುಕೊಳ್ಳಬಾರದು. ಸಸ್ಯಾಹಾರಿಗಳು ಬ್ರೆಡ್ಡು, ಚೀಸು, ಹಣ್ಣನ್ನು ಹಿಂದಿನ ದಿನವೇ ಓಲರ್ಟನ್‌ನಿಂದ ತಂದಿಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ದಿನ, ಶುಕ್ರವಾರ: ಕೋಟೆಯ ದಿಬ್ಬ, 1635ರ ನಕ್ಷೆ, ಕಾರವಾರ

ಊರಿನ ಉತ್ತರಕ್ಕೆ ಅರ್ಧ ಗಂಟೆಯೊಳಗಿನ ನಡಿಗೆಯಲ್ಲಿ, ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಮಣ್ಣಿನ ಕೋಟೆಯಿದೆ. ಕಲ್ಲು ಉಳಿದಿಲ್ಲ. ಎತ್ತರದ ದಿಬ್ಬ, ಅದರ ನೆತ್ತಿಯ ಮೇಲೆ ಇನ್ನೊಂದು ಪುಟ್ಟ ದಿಬ್ಬ, ಸುತ್ತ ಕಂದಕ, ಅಂಗಳ. ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಈ ಬಗೆಯ ಕೋಟೆಗಳಲ್ಲಿ ಚೆನ್ನಾಗಿ ಉಳಿದದ್ದು ಇದೇ. ಶೆರ್‌ವುಡ್ ಕಾಡಿನ ಕಾವಲಿನ ಹಕ್ಕು ಹೊಂದಿದ್ದ ಮನೆತನಗಳು ಇಲ್ಲಿಂದ ಆಳಿದವು. ಚರ್ಚಿನಲ್ಲಿ ಮಲಗಿರುವ ಎವರಿಂಗ್‌ಹ್ಯಾಮ್‌ರು ಅವರಲ್ಲಿ ಸೇರಿದವರು. ಅದಕ್ಕೂ ಹಿಂದೆ, 1086ರ ಡೂಮ್ಸ್‌ಡೇ ಎಂಬ ಜಮೀನು ದಾಖಲೆಯಲ್ಲಿ ಊರು ಜೆಫ್ರಿ ಆಲ್ಸೆಲಿನ್ ಕೈಯಲ್ಲಿದೆ; ನಾರ್ಮನ್ನರು ಬರುವ ಮೊದಲು ಟೋಕಿ ಎಂಬವನದಾಗಿತ್ತು. ಹುಲ್ಲು ಒದ್ದೆಯಾಗಿದ್ದರೆ ದಿಬ್ಬದ ನೇರ ಇಳಿಜಾರು ಜಾರುತ್ತದೆ, ಸುತ್ತಿ ಹತ್ತುವುದು ಸುರಕ್ಷಿತ. ಮೇಲಿನಿಂದ ನೋಡಿದರೆ ಬೇಲಿ ಕಟ್ಟಿದ ಗದ್ದೆಗಳೂ ಬೇಲಿಯಿಲ್ಲದ ಬಯಲೂ ಪಕ್ಕಪಕ್ಕದಲ್ಲಿ ಕಾಣುತ್ತವೆ.

ಆ ವ್ಯತ್ಯಾಸದ ಹಿಂದೆ ದೊಡ್ಡ ಕಥೆಯಿದೆ. 1604ರಿಂದ 1914ರ ನಡುವೆ ಇಂಗ್ಲೆಂಡಿನ ಸಂಸತ್ತು ಬಯಲನ್ನು ಹಂಚಿ ಬೇಲಿ ಕಟ್ಟುವ 5,200ಕ್ಕೂ ಹೆಚ್ಚು ಆವರಣ ಮಸೂದೆಗಳನ್ನು ಅಂಗೀಕರಿಸಿತು. ಸುಮಾರು 68 ಲಕ್ಷ ಎಕರೆ, ಆ ನಾಡಿನ ಐದನೆಯ ಒಂದು ಪಾಲಿಗಿಂತ ಹೆಚ್ಚು ನೆಲ, ಬೇಲಿಯೊಳಗೆ ಹೋಯಿತು. ಚೂರುಪಟ್ಟೆಗಳು ಒಟ್ಟಾಗಿ ಇಳುವರಿ ಏರಿದ್ದು ನಿಜ. ಪಟ್ಟೆಯಿಲ್ಲದೆ ಒಂದು ಹಸುವನ್ನು ಮಾತ್ರ ಊರ ಹುಲ್ಲಿನಲ್ಲಿ ಮೇಯಿಸುತ್ತಿದ್ದ ಬಡವರು ಆ ಹುಲ್ಲನ್ನು ಕಳೆದುಕೊಂಡದ್ದೂ ಅಷ್ಟೇ ನಿಜ. ಲ್ಯಾಕ್ಸ್‌ಟನ್ ತಪ್ಪಿಸಿಕೊಂಡದ್ದು ಯಾರೋ ಪಣ ತೊಟ್ಟು ಕಾಪಾಡಿದ್ದರಿಂದಲ್ಲ. ಇಲ್ಲಿ ಇಬ್ಬರು ದೊಡ್ಡ ಜಮೀನ್ದಾರರಿದ್ದರು, ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೊ. ಹಂಚಿಕೆಯಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬರಲೇ ಇಲ್ಲ. ಕೊನೆಗೆ ಬೇಸಾಯವೇ ನಷ್ಟಕ್ಕಿಳಿದ ಕಾಲ ಬಂದು ಬೇಲಿಗೆ ಹಣ ಹಾಕುವ ಉತ್ಸಾಹವೂ ಹೋಯಿತು. 20ನೆಯ ಶತಮಾನದ ಆರಂಭದಲ್ಲಿ ಸಣ್ಣ ಪಟ್ಟೆಗಳನ್ನು ಕೂಡಿಸಿ ಅಗಲ ಮಾಡಿದರು. ಇವತ್ತು ಯಂತ್ರ ಓಡುವಷ್ಟು ಜಾಗವಿರುವುದು ಅದರಿಂದ. 1952ರಲ್ಲಿ ಮ್ಯಾನ್ವರ್ಸ್ ಎಸ್ಟೇಟಿನಿಂದ ಈ ಜಮೀನನ್ನು ಕೃಷಿ ಸಚಿವಾಲಯ ಕೊಂಡಿತು, 1981ರಲ್ಲಿ ಅದು ರಾಜಪ್ರಭುತ್ವದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಮತ್ತೆ ಆ ಹಳೆಯ ಮನೆತನದ ಥೋರ್ಸ್‌ಬಿ ಎಸ್ಟೇಟಿಗೆ ಬಂತು. ಒಡೆಯರು ಬದಲಾದರು, ಜ್ಯೂರಿ ಪ್ರತಿ ವರ್ಷ ಹೊಲಕ್ಕಿಳಿಯಿತು.

ಪಟ್ಟೆಗಳು ಎಷ್ಟು ಸಣ್ಣವಿದ್ದವು ಎಂಬುದಕ್ಕೆ ಸಾಕ್ಷಿ 1635ರಲ್ಲಿ ಮಾರ್ಕ್ ಪಿಯರ್ಸ್ ಮಾಡಿದ ಅಳತೆ ಮತ್ತು ನಕ್ಷೆ. ಎರಡು ಸಾವಿರಕ್ಕೂ ಹೆಚ್ಚು ಪಟ್ಟೆಗಳನ್ನು ಅವನು ಒಂದೊಂದಾಗಿ ಬಿಡಿಸಿದ. ನಡುನಡುವೆ ಉಳುವವರು, ಕೊಯ್ಯುವವರು, ಬೇಟೆಯವರ ಪುಟ್ಟ ಚಿತ್ರಗಳನ್ನೂ ಬರೆದ. ಮೂಲ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದನ್ನು ಮಾಡಿಸಿದವನು ಆಗಿನ ಒಡೆಯ, ಲಂಡನ್ನಿನ ವರ್ತಕ ಸರ್ ವಿಲಿಯಂ ಕೋರ್ಟನ್. ಕನ್ನಡಿಗರು ಈ ಹೆಸರನ್ನು ಗುರುತಿಟ್ಟುಕೊಳ್ಳಬೇಕು. ಅದೇ 1635ರಲ್ಲಿ, ಈಸ್ಟ್ ಇಂಡಿಯಾ ಕಂಪನಿಗೆ ಎದುರಾಳಿಯಾಗಿ ಪೂರ್ವದ ವ್ಯಾಪಾರ ಮಾಡಲು ದೊರೆ ಒಂದನೆಯ ಚಾರ್ಲ್ಸ್ ಅನುಮತಿ ಕೊಟ್ಟದ್ದು ಇವನ ಕೂಟಕ್ಕೆ. ಕೋರ್ಟನ್ 1636ರಲ್ಲಿ ತೀರಿಕೊಂಡ, ಮಗ ಮುಂದುವರಿಸಿದ. ಆ ಕೂಟವೇ 1638ರಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ ಕೋಠಿ ತೆರೆಯಿತು, ಘಟ್ಟದ ಮೇಲಿನ ಕಾಳುಮೆಣಸಿಗಾಗಿ. ಲ್ಯಾಕ್ಸ್‌ಟನ್ನಿನ ಗೋಧಿಪಟ್ಟೆಯನ್ನು ಅಳೆಯಿಸಿದ ಮನೆಯವರೇ ಕಾಳಿ ನದಿಯ ದಡದಲ್ಲಿ ಮೆಣಸು ತೂಗಿಸಿದರು.

ಸಂಜೆಗೆ ಮುನ್ನ ಸಮಯ ಉಳಿದರೆ ಏಳೆಂಟು ಕಿಲೋಮೀಟರ್ ದೂರದ ಈಕ್ರಿಂಗ್‌ಗೆ ಹೋಗಬಹುದು. 1665–66ರ ಪ್ಲೇಗಿನಲ್ಲಿ ಈಮ್ ಎಂಬ ಊರಿಗೆ ದಿಗ್ಬಂಧನ ಹಾಕಿಸಿಕೊಂಡ ಪಾದ್ರಿ ವಿಲಿಯಂ ಮಾಂಪೆಸನ್ ಕೊನೆಗೆ ಬಂದದ್ದು ಅಲ್ಲಿಗೆ. ರೋಗ ತರುತ್ತಾನೆಂದು ಹೆದರಿ ಊರವರು ಮೊದಮೊದಲು ಒಳಗೆ ಬಿಡಲಿಲ್ಲ, ಅವನು ಮರದ ಕೆಳಗೆ ನಿಂತು ಪ್ರಾರ್ಥನೆ ನಡೆಸಿದ ಎನ್ನುತ್ತಾರೆ. ಆ ಜಾಗದಲ್ಲಿ ಶಿಲುಬೆಯಿದೆ. ಲ್ಯಾಕ್ಸ್‌ಟನ್ ಪಕ್ಕದಲ್ಲೇ 1995ರಿಂದ, ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಹತ್ಯೆಯನ್ನು ನೆನೆಯುವ ಹಾಲೊಕಾಸ್ಟ್ ಕೇಂದ್ರವೂ ಇದೆ. ಅದಕ್ಕೆ ಅರ್ಧ ದಿನ ಬೇಕು, ಮೊದಲೇ ಕಾಯ್ದಿರಿಸಿ ಬೇರೆ ದಿನ ಹೋಗುವುದೇ ಸರಿ.

ಹತ್ತನೆಯ ದಿನ, ಮುಂದಿನ ಗುರುವಾರ: ಕೋರ್ಟು

ನಡುವಿನ ದಿನಗಳನ್ನು ಲಿಂಕನ್ ಅಥವಾ ಸೌತ್‌ವೆಲ್‌ನಲ್ಲಿ ಕಳೆದು ಮರಳಿದರೆ, ಡವ್‌ಕೋಟ್ ಇನ್‌ನಲ್ಲಿ ಕೋರ್ಟ್ ಲೀಟ್ ಎಂಬ ಊರಿನ ಹಳೆಯ ಕೋರ್ಟು ಸೇರುತ್ತದೆ. ಎಸ್ಟೇಟಿನ ಪರವಾಗಿ ಸ್ಟೀವರ್ಡ್ ಎಂಬ ಅಧಿಕಾರಿ ಅಧ್ಯಕ್ಷ. ಬೇಲಿಫ್ ಕರೆ ಕೊಡುತ್ತಾನೆ, ನಮ್ಮ ಕೋರ್ಟಿನ ಅಮೀನನ ಹಾಗೆ. ಮೊದಲು ಹಾಜರಿ: ಊರಿನ ಗೇಣಿದಾರರೂ ಜಮೀನುದಾರರೂ ಬರಲೇಬೇಕು, ಬಾರದವರು ಕೆಲವೇ ಪೆನ್ಸ್ ಕಟ್ಟುತ್ತಾರೆ. ಆಮೇಲೆ ಕಳೆದ ವಾರ ಪಂಚರು ಕಂಡದ್ದರ ಓದು. ಯಾರು ಎಷ್ಟು ಒತ್ತಿದರು, ಯಾರ ಕಾಲುವೆ ಮುಚ್ಚಿದೆ, ಎಷ್ಟು ದಂಡ. ಒಪ್ಪದವನು ಅಲ್ಲೇ ಎದ್ದು ಹೇಳಬಹುದು. ಮೊತ್ತ ದೊಡ್ಡದಲ್ಲ. ಇಡೀ ಊರಿನ ಮುಂದೆ ಹೆಸರು ಓದುತ್ತಾರಲ್ಲ, ತೂಕ ಅದರದ್ದು. 1977ರ ಕಾಯ್ದೆ ಇಂಥ ಹಳೆಯ ಕೋರ್ಟುಗಳ ನ್ಯಾಯಾಧಿಕಾರವನ್ನು ನಾಡಿನಾದ್ಯಂತ ತೆಗೆದುಹಾಕಿದರೂ ಲ್ಯಾಕ್ಸ್‌ಟನ್ನಿನ ಹೊಲದ ಆಡಳಿತ ನಿಲ್ಲಲಿಲ್ಲ.

ಜಾಗ ಇಕ್ಕಟ್ಟು. ಹೊರಗಿನವರು ಹಿಂದೆ ನಿಂತು ಸದ್ದಿಲ್ಲದೆ ಕೇಳಬೇಕು. ಕೇಳದೆ ಫೋಟೊ ತೆಗೆಯಬಾರದು. ದಂಡ ವಸೂಲಾದ ಮೇಲೆ ಪಿಂಡರನ ನೇಮಕ, ಕೊನೆಗೆ ಹೊಸ ಜ್ಯೂರಿ. ಅವರು ಬೈಬಲ್ ಮುಟ್ಟಿ ಪ್ರಮಾಣ ಮಾಡುವುದು ಬರುವ ವರ್ಷ ಬೀಳು ಬೀಳುವ ಹೊಲಕ್ಕಾಗಿ. ಬರುವ ಅಕ್ಟೋಬರಿನಲ್ಲಿ ಗೋಧಿ ಬೀಳುವುದು ಆ ಹೊಲಕ್ಕೆ, ನವೆಂಬರಿನ ಗೂಟಗಳೂ ಅಲ್ಲಿಗೇ.